ಉಪ್ಪಾಗರದ ನೇರಳೆ ಸ್ವಿಚ್ಚು

ಪಣಜಿಯಿಂದ ಹಳೆಗೋವೆಯ ಕಡೆ ಹೊರಟ ಬಸ್ಸು ಪಾಟ್ಟೊ ದಾಟಿತೆಂದರೆ ನೀರಿನ ನಡುವೆ ನೇರವಾಗಿ ಸಾಗುವ ಒಂದು ಹಳೆಯ ರಸ್ತೆ ಸಿಗುತ್ತದೆ. ಪೋರ್ಚುಗೀಸರು 1630ರ ದಶಕದಲ್ಲಿ ಕಟ್ಟಿದ್ದು, ಮೂರು ಕಿಲೋಮೀಟರಿಗೂ ತುಸು ಹೆಚ್ಚು ಉದ್ದ. ಎಡಕ್ಕೆ ಮಾಂಡೋವಿ ನದಿ, ಮುಂದೆ ರಿಬಂದರ್ ಊರು, ಬಲಕ್ಕೆ ಚೌಕ ಚೌಕವಾಗಿ ಬದು ಹಾಕಿದ ಮಡಿಗಳು. ಅವು ಉಪ್ಪಿನ ಆಗರಗಳು. ಮಾಂಡೋವಿ ಎಂದರೆ ನಮ್ಮ ಮಹದಾಯಿಯೇ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಹುಟ್ಟಿ, ಘಟ್ಟ ಇಳಿದು, ಇಲ್ಲಿ ಸಮುದ್ರದ ಉಬ್ಬರದೊಂದಿಗೆ ಬೆರೆತು ಉಪ್ಪಾಗುತ್ತದೆ.

ವಾಸ್ಕೋದ, ಝುವಾರಿನಗರದ ಕನ್ನಡ ಮಕ್ಕಳೇ, ನೀವು ಈ ದಾರಿಯಲ್ಲಿ ಎಷ್ಟೋ ಸಲ ಹೋಗಿರುತ್ತೀರಿ. ಬಿಳಿ ಉಪ್ಪಿನ ಗುಡ್ಡೆಗಳನ್ನು ನೋಡಿರುತ್ತೀರಿ. ಇಂಥ ಉಪ್ಪುನೀರಿನಲ್ಲಿ ಒಂದು ಜಾತಿಯ ಜೀವಿಗಳಿವೆ, ಅವುಗಳ ಮೈಮೇಲೆ ಬೆಳಕು ಬಿದ್ದರೆ ಬಣ್ಣ ಬದಲಿಸುವ ಒಂದು ಪ್ರೋಟೀನ್ ಇದೆ, ಆ ಪ್ರೋಟೀನಿನಿಂದ ಕಂಪ್ಯೂಟರಿನ ಮೆಮೊರಿ ಮಾಡಲು ವಿಜ್ಞಾನಿಗಳು ಹೊರಟಿದ್ದರು, ಈಗ ಕಣ್ಣಿನೊಳಗೆ ಇಡುವ ತೆಳುಪದರ ಮಾಡಲು ಹೊರಟಿದ್ದಾರೆ ಎಂದರೆ ನಂಬುವುದು ಕಷ್ಟ. ನಿಧಾನಕ್ಕೆ ಹೋಗೋಣ.

ಮೊದಲು ಉಪ್ಪು. ಮಳೆಗಾಲ ಮುಗಿದ ಮೇಲೆ ಆಗರದವರು ಬದುಗಳನ್ನು ಸರಿಮಾಡುತ್ತಾರೆ, ಮಡಿಗಳ ಕೆಸರುನೆಲವನ್ನು ತುಳಿದು, ಬಡಿದು ಗಟ್ಟಿ ಮಾಡುತ್ತಾರೆ. ಉಬ್ಬರದ ವೇಳೆ ತೂಬು ತೆರೆದು ನೀರನ್ನು ಒಳಗೆ ಬಿಡುತ್ತಾರೆ. ಒಂದು ಮಡಿಯಲ್ಲಿ ಬಿಸಿಲಿಗೆ ಒಣಗಿ ದಪ್ಪಗಾದ ನೀರು ಮುಂದಿನ ಮಡಿಗೆ, ಅಲ್ಲಿಂದ ಕೊನೆಯ ಮಡಿಗೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಆ ಒಂದು ಲೀಟರ್ ಒಣಗಿ ಒಣಗಿ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿದಾಗಲೇ ಅಡುಗೆ ಉಪ್ಪಿನ ಹರಳು ಕಟ್ಟತೊಡಗುವುದು. ಮೇ ಮುಗಿಯುವ ತನಕ ಉಪ್ಪು ಎಳೆಯುವ ಕೆಲಸ. ಜೂನಿನ ಮೊದಲ ಮಳೆ ಬಿತ್ತೋ, ಆ ವರ್ಷದ ಆಗರ ಮುಗಿಯಿತು. ಗೋವೆಯ ಆಗರಗಳಲ್ಲಿ ಕೆಲಸಕ್ಕೆ ಗೋಕರ್ಣದ ಕಡೆಯವರೂ ಬರುತ್ತಾರೆ. ಅವರಿಗೆ ಇದು ಹೊಸದಲ್ಲ. ಅವರ ಊರಿನ ಪಕ್ಕದ ಸಾಣಿಕಟ್ಟೆಯಲ್ಲಿ, ಅಘನಾಶಿನಿ ನದಿ ಸಮುದ್ರ ಸೇರುವ ಜಾಗದಲ್ಲಿ, ಇದೇ ಕೆಲಸ ತಲೆತಲಾಂತರದಿಂದ ನಡೆದಿದೆ.

ಈಗ ಒಂದು ಪ್ರಶ್ನೆ. ಆ ಕೊನೆಯ ಮಡಿಯ ನೀರಿನಲ್ಲಿ ಏನಾದರೂ ಬದುಕಿರಲು ಸಾಧ್ಯವೇ? ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಎರಡು ದಿನದಲ್ಲಿ ಸುಕ್ಕಾಗುತ್ತದೆ, ಅದರೊಳಗಿನ ನೀರೆಲ್ಲ ಹೊರಗೆ ಬಂದಿರುತ್ತದೆ. ಮೀನಿಗೆ ಉಪ್ಪು ಹಚ್ಚಿ ಒಣಗಿಸಿದರೆ ಮಳೆಗಾಲ ಪೂರ್ತಿ ಕೆಡದೆ ಉಳಿಯುತ್ತದೆ, ಏಕೆಂದರೆ ಕೆಡಿಸುವ ಸೂಕ್ಷ್ಮಜೀವಿಗಳ ನೀರನ್ನೂ ಉಪ್ಪು ಹೀರಿಬಿಡುತ್ತದೆ. ಗೋವೆಯ ಮನೆಗಳಲ್ಲಿ ಮಳೆಗೆ ಮುಂಚೆ ಪುರುಮೆಂತ್ ಎಂದು ಒಣಮೀನು, ಉಪ್ಪು, ಮೆಣಸು ಕೂಡಿಡುವುದು ಈ ಧೈರ್ಯದ ಮೇಲೆಯೇ. ಆದರೂ ಉಪ್ಪುಮೀನಿನ ಮೇಲೆ ಕೆಲವೊಮ್ಮೆ ಕೆಂಪು ಮಚ್ಚೆ ಏಳುವುದುಂಟು. ಉಪ್ಪು ಹಚ್ಚಿದ ಚರ್ಮದ ಮೇಲೂ ಏಳುತ್ತದೆ. ಉಪ್ಪಿಗೆ ಹೆದರದ ಯಾರೋ ಅಲ್ಲಿದ್ದಾರೆ ಎಂದಾಯಿತು.

ಅವರು ಉಪ್ಪಿಗೆ ಹೆದರದಿರುವುದು ಮಾತ್ರವಲ್ಲ, ಉಪ್ಪಿಲ್ಲದೆ ಬದುಕಲಾರರು. ಆರ್ಕಿಯಾ ಎಂಬ ಗುಂಪಿನ ಸೂಕ್ಷ್ಮಜೀವಿಗಳು ಇವು. ನೋಡಲು ಬ್ಯಾಕ್ಟೀರಿಯಾಗಳ ಹಾಗೇ ಕಂಡರೂ ಬೇರೆಯೇ ವಂಶ ಎಂದು 1977ರಲ್ಲಿ ಕಾರ್ಲ್ ವೋಸ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಹೊರಗೆ ಎಷ್ಟು ಉಪ್ಪಿದೆಯೋ ಅದಕ್ಕೆ ಸರಿದೂಗುವಷ್ಟು ಪೊಟ್ಯಾಸಿಯಂ ಲವಣವನ್ನು ಇವು ತಮ್ಮ ಮೈಯೊಳಗೆ ತುಂಬಿಕೊಂಡಿರುತ್ತವೆ. ಒಳಗೂ ಹೊರಗೂ ಸಮ. ಹಾಗಾಗಿ ನೀರು ಕಳೆದುಕೊಳ್ಳುವ ಭಯವಿಲ್ಲ. ಆದರೆ ಇವುಗಳಲ್ಲಿ ಅನೇಕವನ್ನು ತೆಗೆದು ಸಿಹಿನೀರಿಗೆ ಹಾಕಿ ನೋಡಿ: ನೀರು ಒಳನುಗ್ಗಿ, ಮೈ ಉಬ್ಬಿ, ಒಡೆದು ಹೋಗುತ್ತವೆ. ನಮ್ಮನ್ನು ಬದುಕಿಸುವ ನೀರೇ ಅವಕ್ಕೆ ಸಾವು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ರಿಬಂದರಿನ ಆಗರದಲ್ಲಿ ಇಂಥವು ಇವೆಯೇ ಎಂದು ಹುಡುಕಿದವರು ಝುವಾರಿನಗರದಲ್ಲೇ ಇದ್ದಾರೆ. ಅಲ್ಲಿನ ಬಿಟ್ಸ್ ಪಿಲಾನಿ ಗೋವಾ ಕ್ಯಾಂಪಸ್ಸಿನ ಸಂಶೋಧಕರು ಉಪ್ಪು ಕಟ್ಟುವ ಮುಂಚೆ ಒಮ್ಮೆ, ಉಪ್ಪು ಎಳೆಯುವ ಕಾಲದಲ್ಲಿ ಒಮ್ಮೆ ಆ ಮಡಿಗಳ ನೀರು ಮತ್ತು ಕೆಸರನ್ನು ತಂದು, ಅದರಲ್ಲಿದ್ದ ಆರ್ಕಿಯಾಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಗುರುತಿಸಿದರು. 2012ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಹ್ಯಾಲೋಫೆರಾಕ್ಸ್, ಹ್ಯಾಲೋರುಬ್ರಮ್, ಹ್ಯಾಲೋಆರ್ಕುಲಾ ಎಂಬ ಕುಲಗಳ ಹೆಸರುಗಳಿವೆ. ತಾಳೆಗಾಂವ್ ಗುಡ್ಡದ ಮೇಲಿರುವ ಗೋವಾ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಭಾಗದಲ್ಲೂ ಉಪ್ಪುಪ್ರಿಯ ಜೀವಿಗಳ ಅಧ್ಯಯನ ಬಹುಕಾಲದಿಂದ ನಡೆದಿದೆ. ಇವುಗಳಲ್ಲಿ ಹಲವು ಕೆಂಪು, ಕಿತ್ತಳೆ ಬಣ್ಣದವು. ಬಿಸಿಲಿನ ಹೊಡೆತದಿಂದ ಮೈ ಕಾಯ್ದುಕೊಳ್ಳಲು ಕ್ಯಾರೆಟ್ಟಿನ ಬಣ್ಣದ ನೆಂಟಸ್ತಿಕೆಯ ಒಂದು ವಸ್ತುವನ್ನು ತಯಾರಿಸಿಕೊಳ್ಳುತ್ತವೆ. ಮೀನಿನ ಮೇಲಿನ ಕೆಂಪು ಅದೇ. ನಾನು ಹೇಳಹೊರಟಿರುವುದು ಮಾತ್ರ ಈ ಕೆಂಪಿನ ಕಥೆಯಲ್ಲ, ಅದರ ನಡುವೆ ಅಡಗಿರುವ ನೇರಳೆಯ ಕಥೆ.

ಇವುಗಳ ಬಂಧುವೊಂದಿದೆ, ಹ್ಯಾಲೋಬ್ಯಾಕ್ಟೀರಿಯಂ ಸಲೈನಾರಮ್ ಎಂದು ಹೆಸರು. ಅಮೆರಿಕದ ಸಾನ್‌ಫ್ರಾನ್ಸಿಸ್ಕೊದಲ್ಲಿ ವಾಲ್ಟರ್ ಸ್ಟೋಕೇನಿಯಸ್ ಎಂಬವರು ಅದರ ಹೊರಪೊರೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಆ ಊರಿನ ಕೊಲ್ಲಿಯ ಅಂಚಿನಲ್ಲೂ ದೊಡ್ಡ ಉಪ್ಪಾಗರಗಳಿವೆ. ವಿಮಾನದಿಂದ ನೋಡಿದರೆ ಕೆಲವು ಮಡಿಗಳು ಕುಂಕುಮದ ನೀರು ತುಂಬಿಟ್ಟ ಹಾಗೆ ಕಾಣುತ್ತವೆ. ಜರ್ಮನಿಯಿಂದ ಡೀಟರ್ ಓಸ್ಟರ್‌ಹೆಲ್ಟ್ ಎಂಬ ರಸಾಯನಶಾಸ್ತ್ರಜ್ಞರು ಅವರ ಜೊತೆ ಕೆಲಸ ಮಾಡಲು ಬಂದರು. ಜೀವಿಗಳನ್ನು ಸಿಹಿನೀರಿಗೆ ಹಾಕಿದಾಗ ಮೈ ಒಡೆಯುತ್ತದೆ ಎಂದೆನಲ್ಲ, ಹಾಗೆ ಒಡೆದಾಗ ಪೊರೆಯ ಹೆಚ್ಚಿನ ಭಾಗ ಚೂರುಚೂರಾದರೂ ಕೆಲವು ತುಣುಕುಗಳು ಮಾತ್ರ ಇಡಿಯಾಗಿ ಉಳಿಯುತ್ತಿದ್ದವು. ಅವು ಅಚ್ಚ ನೇರಳೆ. ಅವಕ್ಕೆ ಸಾವಯವ ದ್ರಾವಕ ಸೇರಿಸಿದರೆ ನೇರಳೆ ಹೋಗಿ ಹಳದಿ ಬರುತ್ತಿತ್ತು. ಈ ಬಣ್ಣದಾಟವೇ ಸುಳಿವು ಕೊಟ್ಟಿತು. ನೇರಳೆ ತುಣುಕಿನಲ್ಲಿದ್ದ ಪ್ರೋಟೀನಿನೊಳಗೆ ರೆಟಿನಲ್ ಎಂಬ ಸಣ್ಣ ಅಣು ಸಿಕ್ಕಿಕೊಂಡಿತ್ತು.

ರೆಟಿನಲ್ ಎಂದರೆ ಎ ಜೀವಸತ್ವದ ಒಂದು ರೂಪ. ನಿಮ್ಮ ಕಣ್ಣಿನ ಹಿಂಭಾಗದಲ್ಲಿ, ಬೆಳಕನ್ನು ಹಿಡಿಯುವ ಪ್ರೋಟೀನಿನಲ್ಲಿ ಇರುವುದೂ ಅದೇ. ಕಣ್ಣಿಲ್ಲದ, ತಲೆಯಿಲ್ಲದ, ಉಪ್ಪುನೀರಿನ ಒಂದು ಜೀವಕೋಶದಲ್ಲಿ ಕಣ್ಣಿನ ಸಾಮಗ್ರಿ ಏಕೆ? 1971ರಲ್ಲಿ ಅವರಿಬ್ಬರೂ ಈ ಸಂಗತಿಯನ್ನು ಪ್ರಕಟಿಸಿದಾಗ ವಿಜ್ಞಾನಿಗಳೇ ತಬ್ಬಿಬ್ಬಾದರು. ಪ್ರೋಟೀನಿಗೆ ಬ್ಯಾಕ್ಟೀರಿಯೊರೊಡಾಪ್ಸಿನ್ ಎಂದು ಹೆಸರಿಟ್ಟರು. ಹೆಸರು ಉದ್ದವಾಯಿತು, ನಾವು ನೇರಳೆ ಪ್ರೋಟೀನ್ ಎಂದೇ ಕರೆಯೋಣ.

ಪ್ರೋಟೀನ್ ಎಂದೊಡನೆ ಬೇಳೆ, ಮೊಟ್ಟೆ, ಮೀನು ನೆನಪಾಗುತ್ತದೆ, ಅದು ಸರಿಯೇ. ಆದರೆ ಜೀವಕೋಶದ ಒಳಗೆ ಪ್ರೋಟೀನ್ ಎಂದರೆ ಊಟಕ್ಕಿಂತ ಹೆಚ್ಚಾಗಿ ಕೆಲಸ ಮಾಡುವ ಭಾಗ. ಅಮೈನೊ ಆಮ್ಲ ಎಂಬ ಇಪ್ಪತ್ತು ಬಗೆಯ ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಉದ್ದ ಸರಪಳಿಯಾಗುತ್ತವೆ. ಆ ಸರಪಳಿ ತನ್ನಷ್ಟಕ್ಕೆ ಮಡಚಿಕೊಂಡು ಒಂದು ಆಕಾರ ಪಡೆಯುತ್ತದೆ. ಆಕಾರ ಹೇಗೋ ಕೆಲಸ ಹಾಗೆ. ನೇರಳೆ ಪ್ರೋಟೀನಿನ ಸರಪಳಿಯಲ್ಲಿ 248 ಕೊಂಡಿಗಳಿವೆ. ಅವುಗಳ ಕ್ರಮವನ್ನು ಒಂದೊಂದಾಗಿ ಓದಿದ ತಂಡಗಳಲ್ಲಿ ಒಂದರ ಮುಂದಾಳು ಹರಗೋವಿಂದ ಖೊರಾನಾ. ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ರಾಯಪುರ ಎಂಬ ಹಳ್ಳಿಯಲ್ಲಿ 1922ರಲ್ಲಿ ಹುಟ್ಟಿದವರು. ವಂಶವಾಹಿಗಳ ಸಂಕೇತ ಬಿಡಿಸಿದ್ದಕ್ಕಾಗಿ 1968ರ ನೊಬೆಲ್ ಪಡೆದಿದ್ದರು. ಅಷ್ಟು ದೊಡ್ಡ ಬಹುಮಾನ ಬಂದ ಮೇಲೆ ಹೆಚ್ಚಿನವರು ಅದೇ ದಾರಿಯಲ್ಲಿ ಮುಂದುವರಿಯುತ್ತಾರೆ. ಖೊರಾನಾ ಅದನ್ನು ಬಿಟ್ಟು ಉಪ್ಪುನೀರಿನ ಈ ನೇರಳೆಯ ಹಿಂದೆ ಬಿದ್ದರು. 1979ರಲ್ಲಿ ಅಮೆರಿಕದಲ್ಲಿ ಅವರ ತಂಡ, ಮಾಸ್ಕೋದಲ್ಲಿ ಯೂರಿ ಒವ್‌ಚಿನ್ನಿಕೋವ್ ಅವರ ತಂಡ, ಎರಡೂ ಸರಪಳಿಯ ಕ್ರಮವನ್ನು ಪ್ರಕಟಿಸಿದವು.

ಆಕಾರವನ್ನು ಕಂಡವರು ಇಂಗ್ಲೆಂಡಿನ ಕೇಂಬ್ರಿಜ್‌ನ ರಿಚರ್ಡ್ ಹೆಂಡರ್ಸನ್ ಮತ್ತು ನೈಜೆಲ್ ಅನ್ವಿನ್. 1975ರಲ್ಲಿ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೆಗೆದ ಚಿತ್ರಗಳಲ್ಲಿ ಏಳು ಸುರುಳಿಕಂಬಗಳು ಪೊರೆಯ ಈ ಬದಿಯಿಂದ ಆ ಬದಿಗೆ ನಿಂತಿರುವುದು ಮಸುಕಾಗಿ ಕಂಡಿತು. 1990ರ ವೇಳೆಗೆ ಮಸುಕು ಹೋಗಿ ಅಣುಗಳೇ ಕಾಣುವಷ್ಟಾಯಿತು. ಆ ದಾರಿಯಲ್ಲೇ ಮುಂದೆ ಹೋಗಿ ಹೆಂಡರ್ಸನ್ 2017ರಲ್ಲಿ ನೊಬೆಲ್ ಪಾಲುದಾರರಾದರು. ಉಪ್ಪುನೀರಿನ ಒಂದು ಪುಟ್ಟ ಪ್ರೋಟೀನಿನ ಸುತ್ತ ಇಷ್ಟು ಜನ ಸೇರಿದ್ದಕ್ಕೆ ಒಂದು ಕಾರಣವಿದೆ: ಇದು ಪೊರೆಯಲ್ಲಿ ಅಚ್ಚುಕಟ್ಟಾಗಿ, ಮೂರು ಮೂರರ ಗುಂಪಿನಲ್ಲಿ, ಆರು ಮೂಲೆಯ ಜಾಲವಾಗಿ ತಾನೇ ಜೋಡಣೆಯಾಗಿರುತ್ತದೆ. ಅಚ್ಚುಕಟ್ಟಾಗಿ ಇರುವುದನ್ನು ಓದುವುದು ಸುಲಭ.

ಇದರ ಅಳತೆ ಎಷ್ಟು? ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ನಿಮ್ಮ ತಲೆಕೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ನೇರಳೆ ಪ್ರೋಟೀನಿನ ಅಗಲ ಸುಮಾರು ಮೂರು, ಎತ್ತರ ಸುಮಾರು ಐದು ನ್ಯಾನೊಮೀಟರ್. ಆಗರದ ಒಂದು ಮಿಲಿಮೀಟರ್ ಅಗಲದ ಉಪ್ಪಿನ ಹರಳಿನ ಮೇಲೆ ಇವನ್ನು ಸಾಲಾಗಿ ನಿಲ್ಲಿಸಿದರೆ ಮೂರು ಲಕ್ಷಕ್ಕೂ ಹೆಚ್ಚು ಹಿಡಿಸುತ್ತವೆ.

ಈಗ ಇದರ ಕೆಲಸ. ಹಳ್ಳಿಯ ಬೀದಿಯಲ್ಲಿರುವ ಕೈಪಂಪನ್ನು ನೋಡಿದ್ದೀರಲ್ಲ, ಹಿಡಿಕೆ ಒತ್ತಿದರೆ ಕೆಳಗಿನ ನೀರು ಮೇಲೆ ಬರುತ್ತದೆ. ನೇರಳೆ ಪ್ರೋಟೀನೂ ಒಂದು ಪಂಪು. ಇದರ ಹಿಡಿಕೆ ರೆಟಿನಲ್, ಅದನ್ನು ಒತ್ತುವ ಕೈ ಬೆಳಕು. ನೇರವಾಗಿ ಚಾಚಿಕೊಂಡಿದ್ದ ರೆಟಿನಲ್ ಅಣು, ಬೆಳಕಿನ ಒಂದು ಕಣ ತಾಗಿದೊಡನೆ ಒಂದು ಗಂಟಿನ ಬಳಿ ಮಡಚಿಕೊಳ್ಳುತ್ತದೆ. ಎಷ್ಟು ಬೇಗ? ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿ, ಅದರ ಒಂದು ಪಾಲಿನ ಅರ್ಧದಷ್ಟು ಹೊತ್ತಿನಲ್ಲಿ! ಹಿಡಿಕೆ ಮಡಚಿದಾಗ ಸುತ್ತಲಿನ ಪ್ರೋಟೀನ್ ಅಲುಗುತ್ತದೆ, ಒಂದು ಪ್ರೋಟಾನ್ ಒಳಗಿನಿಂದ ಹೊರಕ್ಕೆ ದಾಟುತ್ತದೆ. ಪ್ರೋಟಾನ್ ಎಂದರೆ ಹೈಡ್ರೋಜನ್ ಪರಮಾಣುವಿನ ತಿರುಳು, ಧನ ವಿದ್ಯುತ್ತಿನ ಒಂದು ಚುಕ್ಕೆ. ಆಮೇಲೆ ಹಿಡಿಕೆ ಮತ್ತೆ ನೆಟ್ಟಗಾಗುತ್ತದೆ. ಇಡೀ ಸುತ್ತಿಗೆ ಸೆಕೆಂಡಿನ ನೂರನೆಯ ಒಂದು ಭಾಗ ಸಾಕು.

ಹೊರಗೆ ಪ್ರೋಟಾನುಗಳು ಗುಂಪಾದರೆ ಅವು ಒಳಕ್ಕೆ ಮರಳಲು ತಳ್ಳಾಡುತ್ತವೆ. ಮರಳುವ ದಾರಿಯಲ್ಲಿ ಇನ್ನೊಂದು ಪ್ರೋಟೀನ್ ಅವುಗಳ ಬಲದಿಂದ ತಿರುಗಿ, ಎಟಿಪಿ ಎಂಬ ಜೀವಕೋಶದ ಇಂಧನವನ್ನು ಮಾಡಿಕೊಡುತ್ತದೆ. ದಪ್ಪ ಉಪ್ಪುನೀರಿನಲ್ಲಿ ಆಮ್ಲಜನಕ ಕರಗುವುದು ಬಹಳ ಕಡಿಮೆ. ಉಸಿರಾಟ ಸಾಲದಾದಾಗ ಜೀವಿ ತನ್ನ ಪೊರೆಯಲ್ಲಿ ನೇರಳೆ ಪಂಪುಗಳನ್ನು ನಾಟಿಕೊಂಡು ಬೆಳಕಿನಿಂದ ಬದುಕುತ್ತದೆ. 1974ರಲ್ಲಿ ಸ್ಟೋಕೇನಿಯಸ್ ಮತ್ತು ಎಫ್ರಾಯಿಮ್ ರ‍್ಯಾಕರ್ ಇದನ್ನು ಮೋಜಿನ ರೀತಿಯಲ್ಲಿ ತೋರಿಸಿದರು. ಒಂದು ಕೃತಕ ಕೊಬ್ಬಿನ ಗುಳ್ಳೆಯಲ್ಲಿ ಆಗರದ ಜೀವಿಯ ನೇರಳೆ ಪ್ರೋಟೀನ್ ಮತ್ತು ದನದ ಹೃದಯದಿಂದ ತೆಗೆದ, ಎಟಿಪಿ ಮಾಡುವ ಪ್ರೋಟೀನ್ ಎರಡನ್ನೂ ಸೇರಿಸಿ ಬೆಳಕು ಬಿಟ್ಟರು. ಎಟಿಪಿ ತಯಾರಾಯಿತು. ನೆಂಟಸ್ತಿಕೆಯೇ ಇಲ್ಲದ ಎರಡು ಜೀವಿಗಳ ಭಾಗಗಳು ಒಂದೇ ಯಂತ್ರವಾಗಿ ಓಡಿದವು. ನನಗೆ ಕೇಳಿದರೆ, ಪ್ರೋಟೀನ್ ಬರೀ ಆಹಾರವಲ್ಲ, ಬಿಡಿಭಾಗ ಎಂದು ಒಪ್ಪಿಸಲು ಈ ಒಂದು ಪ್ರಯೋಗ ಸಾಕು.

ಬಿಡಿಭಾಗ ಎಂದ ಮೇಲೆ ಎಲೆಕ್ಟ್ರಾನಿಕ್ಸ್ ಮಂದಿಯ ಕಿವಿ ನೆಟ್ಟಗಾಗಬೇಕಲ್ಲ? ಆಯಿತು. ಪಂಪಿನ ಸುತ್ತಿನ ನಡುವೆ ಒಂದು ಘಟ್ಟದಲ್ಲಿ ಪ್ರೋಟೀನಿನ ಬಣ್ಣ ನೇರಳೆಯಿಂದ ಹಳದಿಗೆ ತಿರುಗುತ್ತದೆ. ಹಳದಿಯಾಗಿರುವಾಗ ನೀಲಿ ಬೆಳಕು ಬಿಟ್ಟರೆ ಥಟ್ಟನೆ ಮತ್ತೆ ನೇರಳೆ. ಒಂದು ಬೆಳಕಿಗೆ ಅತ್ತ, ಇನ್ನೊಂದು ಬೆಳಕಿಗೆ ಇತ್ತ, ಅಂದರೆ ಇದೊಂದು ಸ್ವಿಚ್ಚು. ಕಂಪ್ಯೂಟರಿಗೆ ಬೇಕಾದದ್ದು ಸೊನ್ನೆ ಮತ್ತು ಒಂದು ಮಾತ್ರ. ನೇರಳೆಯನ್ನು ಸೊನ್ನೆ, ಹಳದಿಯನ್ನು ಒಂದು ಎಂದುಕೊಂಡರೆ ಮುಗಿಯಿತು. ಮೇಲಾಗಿ ಇದು ಆಗಲೇ ನ್ಯಾನೊ ಅಳತೆಯದು. ಸಿಲಿಕಾನ್ ಚಿಪ್ಪಿನವರು ದೊಡ್ಡದನ್ನು ಕೆತ್ತಿ ಕೆತ್ತಿ ಸಣ್ಣದು ಮಾಡುತ್ತಾರೆ. ಅದಕ್ಕೆ ಕೋಟ್ಯಂತರ ರೂಪಾಯಿಯ ಯಂತ್ರ, ಧೂಳಿಲ್ಲದ ಕೋಣೆ ಬೇಕು. ಆಗರದ ಜೀವಿ ಉಪ್ಪುನೀರಿನಲ್ಲಿ ನಿಂತು ಐದು ನ್ಯಾನೊಮೀಟರಿನ ಭಾಗವನ್ನು ಒಂದರಂತೆ ಇನ್ನೊಂದನ್ನು, ಕೋಟಿಗಟ್ಟಲೆ, ಸುಮ್ಮನೆ ಮಾಡಿ ಹಾಕುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬೇಕು, ನಿಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ: ಮೊಟ್ಟೆ ಬೇಯಿಸಿದರೆ ಗಟ್ಟಿಯಾಗುತ್ತದೆ, ಅಂದರೆ ಬಿಸಿಗೆ ಪ್ರೋಟೀನಿನ ಮಡಿಕೆ ಬಿಚ್ಚಿಹೋಗುತ್ತದೆ, ಬಿಸಿಯಾಗುವ ಕಂಪ್ಯೂಟರಿನೊಳಗೆ ಪ್ರೋಟೀನ್ ಇಟ್ಟರೆ ಬೆಂದುಹೋಗುವುದಿಲ್ಲವೇ? ಒಳ್ಳೆಯ ಪ್ರಶ್ನೆ. ಹೆಚ್ಚಿನ ಪ್ರೋಟೀನುಗಳು ಬೆಂದೇ ಹೋಗುತ್ತವೆ. ಆದರೆ ನೇರಳೆ ಪ್ರೋಟೀನ್ ಹುಟ್ಟಿದ್ದೇ ಸುಡುಬಿಸಿಲಿನ, ಹರಳುಗಟ್ಟುವ ಉಪ್ಪಿನ, ಒಣಗಿ ಬಿರಿಯುವ ಮಡಿಯಲ್ಲಿ. 1993ರಲ್ಲಿ ಇದರ ಒಣ ತೆಳುಪದರವನ್ನು ಕಾಯಿಸಿ ನೋಡಿದವರಿಗೆ ಅದರ ರಚನೆ 140 ಡಿಗ್ರಿ ಸೆಲ್ಸಿಯಸ್‌ವರೆಗೂ ಉಳಿದದ್ದು ಕಂಡಿತು. ನೀರು ಕುದಿಯುವ ಬಿಸಿಗಿಂತ 40 ಡಿಗ್ರಿ ಹೆಚ್ಚು! ಸಾವಿರಾರು ಪ್ರೋಟೀನುಗಳ ನಡುವೆ ಎಲೆಕ್ಟ್ರಾನಿಕ್ಸಿಗೆ ಇದೇ ಮೊದಲು ಆಯ್ಕೆಯಾದದ್ದು ಬುದ್ಧಿವಂತಿಕೆಗಿಂತ ಈ ಗಟ್ಟಿತನದಿಂದ. ಆ ಗಟ್ಟಿತನ ಉಪ್ಪಾಗರ ಕೊಟ್ಟದ್ದು.

ಸೋವಿಯೆತ್ ರಷ್ಯಾದಲ್ಲಿ ಒವ್‌ಚಿನ್ನಿಕೋವ್ ಅವರ ಕಾಲದಲ್ಲೇ ಈ ಪ್ರೋಟೀನಿನಿಂದ ಬೆಳಕಿಗೆ ಬಣ್ಣ ಬದಲಿಸುವ ಫಿಲ್ಮುಗಳನ್ನು ಮಾಡಿದ್ದರು. ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ರಾಬರ್ಟ್ ಬರ್ಜ್ ಇನ್ನೂ ದೊಡ್ಡ ಕನಸು ಕಂಡರು. ಪಾರದರ್ಶಕ ಜೆಲ್ಲಿನ ಪುಟ್ಟ ಘನದೊಳಗೆ ನೇರಳೆ ಪ್ರೋಟೀನನ್ನು ಹರಡಿ, ಎರಡು ಕಡೆಯಿಂದ ಲೇಸರ್ ಬಿಟ್ಟು, ಅವು ಸಂಧಿಸುವ ಜಾಗದಲ್ಲಿ ಮಾತ್ರ ಸೊನ್ನೆಯನ್ನು ಒಂದಾಗಿಸುವುದು. ಹಾಳೆಯ ಮೇಲೆ ಬರೆಯುವ ಬದಲು ಘನದ ಆಳದಲ್ಲೆಲ್ಲ ಬರೆಯುವುದು. 1995ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಅವರ ಲೇಖನ ಬಂದಾಗ ಪ್ರೋಟೀನ್ ಕಂಪ್ಯೂಟರ್ ಇನ್ನೇನು ಬಂತು ಎನ್ನುವ ಉತ್ಸಾಹವಿತ್ತು.

ಒಂದು ತೊಡಕಿತ್ತು. ಹಳದಿಯಾದ ಪ್ರೋಟೀನ್ ಸೆಕೆಂಡಿನ ನೂರನೆಯ ಭಾಗದಲ್ಲಿ ತಾನಾಗಿಯೇ ನೇರಳೆಗೆ ಮರಳುತ್ತದೆ ಎಂದೆನಲ್ಲವೇ? ಅಷ್ಟರಲ್ಲೇ ಮರೆತುಹೋಗುವ ಮೆಮೊರಿ ಯಾರಿಗೆ ಬೇಕು! ಇದಕ್ಕೆ ಸಿಕ್ಕ ಉಪಾಯ ನನಗೆ ತುಂಬ ಇಷ್ಟ. 248 ಕೊಂಡಿಗಳ ಸರಪಳಿಯಲ್ಲಿ 96ನೆಯದನ್ನು ಮಾತ್ರ ಬದಲಿಸಿದರು. ಆ ಜಾಗದ ಕೊಂಡಿ ರೆಟಿನಲ್ಲಿಗೆ ಹೊಸ ಪ್ರೋಟಾನ್ ತಲುಪಿಸುವ ಕೆಲಸದ್ದು. ಪ್ರೋಟಾನ್ ಕೊಡಲಾರದ ಇನ್ನೊಂದು ಕೊಂಡಿಯನ್ನು ಅಲ್ಲಿಟ್ಟಾಗ ಪಂಪು ಅರ್ಧಕ್ಕೆ ನಿಂತು, ಹಳದಿ ಬಣ್ಣ ಎಷ್ಟೋ ಹೆಚ್ಚು ಹೊತ್ತು, ಸೆಕೆಂಡುಗಟ್ಟಲೆ ಉಳಿಯಿತು. ಜೀವಿಗೆ ಇದರಿಂದ ನಷ್ಟವೇ ಸರಿ, ಎಂಜಿನಿಯರಿಗೆ ಲಾಭ. ಜರ್ಮನಿಯಲ್ಲಿ ನಾರ್ಬರ್ಟ್ ಹಾಂಪ್ ಮತ್ತು ಸಂಗಡಿಗರು ಈ ತಿದ್ದಿದ ಪ್ರೋಟೀನಿನಿಂದ ಬೆಳಕಿನ ಚಿತ್ರಗಳನ್ನು ಹಿಡಿದಿಡುವ ಫಿಲ್ಮುಗಳನ್ನು ಮಾಡಿದರು.

ಕರ್ನಾಟಕದಲ್ಲೂ ಈ ನೇರಳೆ ಕೆಲಸ ಮಾಡಿದೆ. ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅಲ್ಲಿ ಎ. ಜಿ. ಮನೋಜ್ ಮತ್ತು ಕೆ. ಎಸ್. ನಾರಾಯಣ್ ವಿದ್ಯುತ್ ಹರಿಯಬಲ್ಲ ಒಂದು ಪ್ಲಾಸ್ಟಿಕ್ಕಿನ ಜೊತೆ ನೇರಳೆ ಪ್ರೋಟೀನನ್ನು ಸೇರಿಸಿ ಒಂದು ಸಾಧನ ಮಾಡಿದರು. ಬೆಳಕು ಬಿದ್ದರೆ ಪ್ಲಾಸ್ಟಿಕ್ಕೂ ವಿದ್ಯುತ್ ಸಂಕೇತ ಕೊಡುತ್ತದೆ, ಪ್ರೋಟೀನೂ ಕೊಡುತ್ತದೆ, ಆದರೆ ಇಬ್ಬರಿಗೂ ಮೆಚ್ಚಿನ ಬಣ್ಣ ಬೇರೆ. ಸಾಧನಕ್ಕೆ ಕೊಡುವ ವೋಲ್ಟೇಜನ್ನು ಬದಲಿಸಿದರೆ ಅದು ಯಾವ ಬಣ್ಣದ ಬೆಳಕಿಗೆ ಹೆಚ್ಚು ಸ್ಪಂದಿಸಬೇಕು ಎಂಬುದನ್ನೂ ಬದಲಿಸಬಹುದು ಎಂದು 2003ರಲ್ಲಿ ತೋರಿಸಿದರು. ಬೆಳಕಿನ ಬಣ್ಣ ಗುರುತಿಸುವ ಸಾಧನಕ್ಕೆ ಇದೊಂದು ಹೊಸ ದಾರಿ.

ಹಾಗಾದರೆ ಮಡಗಾಂವಿನ ಅಂಗಡಿಯಲ್ಲಿ ಪ್ರೋಟೀನ್ ಕಂಪ್ಯೂಟರ್ ಏಕೆ ಸಿಗುವುದಿಲ್ಲ? ಸಿಲಿಕಾನ್ ಸುಮ್ಮನೆ ಕೂತಿರಲಿಲ್ಲ, ಅದಕ್ಕೆ. ಬರ್ಜ್ ಘನದೊಳಗೆ ಬರೆಯುವುದನ್ನು ಕಲಿಯುತ್ತಿದ್ದಾಗ ಸಿಲಿಕಾನ್ ಮೆಮೊರಿ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತ, ಉಗುರಿನಷ್ಟು ಕಾರ್ಡಿನೊಳಗೆ ಸಿನಿಮಾಗಳು ಹಿಡಿಸುವಂತಾಯಿತು. ಫೋನಿನ ಚಿಪ್ಪು ಸೆಕೆಂಡಿಗೆ ನೂರಾರು ಕೋಟಿ ಸಲ ಮಿಡಿಯುತ್ತದೆ. ನಮ್ಮ ಪಂಪಿನ ಪೂರ್ತಿ ಸುತ್ತು ಸೆಕೆಂಡಿಗೆ ನೂರು. ಮೊದಲ ಹೆಜ್ಜೆ ಎಷ್ಟು ಚುರುಕಾದರೇನು, ಉಳಿದ ಹೆಜ್ಜೆಗಳು ನಿಧಾನ. ಸಿಲಿಕಾನ್ ಮಾಡುವ ಕೆಲಸವನ್ನೇ ಪ್ರೋಟೀನಿನಿಂದ ಮಾಡಿಸಲು ಹೋದದ್ದು ಅಷ್ಟೇನೂ ಜಾಣತನವಲ್ಲ ಎಂದು ನನ್ನ ಅನಿಸಿಕೆ. ಸಿಲಿಕಾನಿಗೆ ಆಗದ ಕೆಲಸ ಎಲ್ಲಿದೆ ಎಂದು ಹುಡುಕಿದ್ದರೆ ಚೆನ್ನಿತ್ತು.

ಹಾಗೆ ಹುಡುಕಿದವರೂ ಇದ್ದಾರೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಎರಡು ಲೋಹದ ತುದಿಗಳ ನಡುವೆ ನೇರಳೆ ಪ್ರೋಟೀನಿನ ಒಂದೇ ಒಂದು ಪದರ ಇಟ್ಟು ವಿದ್ಯುತ್ ಹಾಯಿಸಿ ನೋಡಿದರು. ಒಣ ಪ್ರೋಟೀನ್ ವಿದ್ಯುತ್ತನ್ನು ತಡೆಯಬೇಕು ಎಂದು ಎಲ್ಲರೂ ಎಣಿಸಿದ್ದರೆ, ಎಣಿಸಿದ್ದಕ್ಕಿಂತ ಹೆಚ್ಚೇ ಹರಿಯಿತು. 2006ರಲ್ಲಿ ಇದು ಪ್ರಕಟವಾದ ಮೇಲೆ ಬೇರೆ ಪ್ರೋಟೀನುಗಳನ್ನೂ ಹೀಗೆ ಪರೀಕ್ಷಿಸುವುದು ಶುರುವಾಯಿತು.

ಕೆಸರಿನಲ್ಲೂ ಒಬ್ಬ ಎಲೆಕ್ಟ್ರಿಷಿಯನ್ ಇದ್ದಾನೆ. ಜಿಯೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ 1987ರಲ್ಲಿ ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ ಸಿಕ್ಕಿತು. ಗಾಳಿಯಿಲ್ಲದ ಕೆಸರಿನಲ್ಲಿ ಅದು ಕಬ್ಬಿಣದ ತುಕ್ಕಿಗೆ ಎಲೆಕ್ಟ್ರಾನ್ ದಾಟಿಸಿ ಉಸಿರಾಡುತ್ತದೆ. ದಾಟಿಸಲು ಮೈಯಿಂದ ಕೆಲವೇ ನ್ಯಾನೊಮೀಟರ್ ದಪ್ಪದ ಪ್ರೋಟೀನ್ ತಂತಿಗಳನ್ನು ಹೊರಚಾಚುತ್ತದೆ. ಆ ತಂತಿ ಯಾವ ಪ್ರೋಟೀನಿನದು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಜಗಳವೇ ನಡೆದಿದೆ. ಒಬ್ಬರು ಒಂದು ಪ್ರೋಟೀನ್ ಎಂದರೆ, 2019ರಲ್ಲಿ ಇನ್ನು ಕೆಲವರು ಸೂಕ್ಷ್ಮದರ್ಶಕದ ಚಿತ್ರ ಹಿಡಿದು ಬೇರೆಯದೇ ಎಂದರು. ನಮ್ಮ ರಕ್ತದಲ್ಲಿರುವಂಥ ಕಬ್ಬಿಣದ ತುಣುಕುಗಳು ಅದರೊಳಗೆ ಸಾಲಾಗಿ ಜೋಡಣೆಯಾಗಿರುವುದನ್ನು ತೋರಿಸಿದರು. ಜಗಳ ಇರಲಿ, 2020ರಲ್ಲಿ ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದವರು ಇಂಥ ತಂತಿಗಳ ತೆಳುಪದರ ಮಾಡಿ, ಗಾಳಿಯ ತೇವದಿಂದಲೇ ಸುಮಾರು ಅರ್ಧ ವೋಲ್ಟ್ ವಿದ್ಯುತ್ ಪಡೆದರು. ಗೋಡೆಯೇ ಬೆವರುವ ಗೋವೆಯ ಜುಲೈ ತಿಂಗಳಿಗೆ ಹೇಳಿಮಾಡಿಸಿದ್ದು ಎನ್ನಿಸಿ ನನಗೆ ನಗು ಬಂತು.

ನೇರಳೆ ಪ್ರೋಟೀನಿನ ಬಗ್ಗೆ ಇನ್ನೊಂದು ಮಾತು ಉಳಿದಿದೆ, ಅದೇ ಕಣ್ಣಿನದು. ಕೆಲವರಿಗೆ ವಂಶದಿಂದ ಬಂದ ಕಾಯಿಲೆಯಲ್ಲಿ, ಕೆಲವರಿಗೆ ವಯಸ್ಸಾದಂತೆ, ಕಣ್ಣಿನ ಹಿಂದಿನ ರೆಟಿನಾ ಪದರದಲ್ಲಿ ಬೆಳಕು ಹಿಡಿಯುವ ಜೀವಕೋಶಗಳು ಸಾಯುತ್ತವೆ. ಆದರೆ ಅವುಗಳಿಂದ ಸುದ್ದಿ ಪಡೆದು ಮಿದುಳಿಗೆ ಕಳಿಸುವ ಜೀವಕೋಶಗಳಲ್ಲಿ ಹಲವು ಬದುಕಿಯೇ ಇರುತ್ತವೆ. ಸುದ್ದಿ ಕೊಡುವವರಿಲ್ಲ, ಒಯ್ಯುವವರು ಕಾದು ಕೂತಿದ್ದಾರೆ. ಬೆಳಕು ಬಿದ್ದರೆ ಪ್ರೋಟಾನ್ ತಳ್ಳುವ ನಮ್ಮ ಪಂಪನ್ನು ಅಲ್ಲಿಟ್ಟರೆ? ಬರ್ಜ್ ಅವರ ಸಂಶೋಧನೆಯಿಂದಲೇ ಹುಟ್ಟಿದ ಲ್ಯಾಂಬ್ಡಾವಿಷನ್ ಎಂಬ ಸಂಸ್ಥೆ ಈ ಕೆಲಸಕ್ಕೆ ಇಳಿದಿದೆ.

ಒಂದು ಪದರದ ಪ್ರೋಟೀನ್ ಹಿಡಿಯುವ ಬೆಳಕು ಸಾಲದು. ಸುಮಾರು 200 ಪದರ ಬೇಕು. ಪ್ರತಿ ಪದರದಲ್ಲೂ ಪಂಪುಗಳೆಲ್ಲ ಒಂದೇ ಕಡೆ ಮುಖ ಮಾಡಿರಬೇಕು. ಅರ್ಧ ಈ ಕಡೆ, ಅರ್ಧ ಆ ಕಡೆ ನಿಂತರೆ ಇವರು ತಳ್ಳಿದ ಪ್ರೋಟಾನನ್ನು ಅವರು ಹಿಂದಕ್ಕೆ ತಳ್ಳಿ ಲೆಕ್ಕ ಸೊನ್ನೆಯಾಗುತ್ತದೆ. ನೇರಳೆ ತುಣುಕಿನ ಎರಡು ಮುಖಗಳ ವಿದ್ಯುದಂಶ ಒಂದೇ ಸಮವಲ್ಲ, ಅದೇ ಇಲ್ಲಿ ನೆರವಿಗೆ ಬರುತ್ತದೆ. ತೆಳು ಬಟ್ಟೆಯಂಥ ಒಂದು ಆಧಾರವನ್ನು ಧನ ವಿದ್ಯುದಂಶದ ದ್ರಾವಣದಲ್ಲಿ ಒಮ್ಮೆ, ಪ್ರೋಟೀನ್ ದ್ರಾವಣದಲ್ಲಿ ಒಮ್ಮೆ ಅದ್ದುತ್ತ ಹೋಗುತ್ತಾರೆ, ಒಂದರ ಮೇಲೊಂದು ಪದರ ಕೂರುತ್ತದೆ. ಭೂಮಿಯ ಮೇಲೆ ಹೀಗೆ ಅದ್ದುವಾಗ ದ್ರಾವಣದಲ್ಲಿರುವುದು ಗುರುತ್ವದಿಂದ ಕೆಳಗಿಳಿದು, ಪದರಗಳು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗುತ್ತವೆ. ಅದಕ್ಕೆ ಅವರು ಮಾಡಿದ್ದೇನು ಗೊತ್ತೇ? ಪದರ ಕೂರಿಸುವ ಪುಟ್ಟ ಯಂತ್ರವನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೇ ಕಳಿಸಿದರು. 2018ರ ಕೊನೆಯಲ್ಲಿ ಮೊದಲ ಸಲ ಹೋಯಿತು, ಆಮೇಲೆ ಹಲವು ಸಲ. ಉಪ್ಪಿನ ಮಡಿಯ ಪ್ರೋಟೀನ್ ತಲೆಯ ಮೇಲೆ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ತೂಕವಿಲ್ಲದ ಜಾಗದಲ್ಲಿ, ಸಮನಾಗಿ ಪದರ ಕಟ್ಟಿತು.

ಪ್ರಯೋಗಶಾಲೆಯಲ್ಲೂ ಪ್ರಾಣಿಗಳ ಕಣ್ಣಿನಲ್ಲೂ ಇದರ ಪರೀಕ್ಷೆ ನಡೆದಿದೆ. ಮನುಷ್ಯರ ಕಣ್ಣಿಗೆ ಇಡುವ ಮುಂಚೆ, ಇದು ಎಷ್ಟು ವರ್ಷ ಬಾಳುತ್ತದೆ, ದೇಹ ಒಪ್ಪುತ್ತದೆಯೇ ಎಂಬುದೆಲ್ಲ ಗಟ್ಟಿಯಾಗಬೇಕು. ಬೇರೆ ಕೆಲವು ಕೃತಕ ರೆಟಿನಾಗಳಿಗೆ ಕನ್ನಡಕದ ಮೇಲೆ ಕ್ಯಾಮೆರಾ, ಸೊಂಟಕ್ಕೆ ಬ್ಯಾಟರಿ, ನಡುವೆ ತಂತಿ ಬೇಕಾಗುತ್ತದೆ. ಈ ಪದರಕ್ಕೆ ಅದಾವುದೂ ಬೇಡ. ಕಣ್ಣಿನೊಳಗೆ ಬರುವ ಬೆಳಕೇ ಚಿತ್ರವೂ ಹೌದು, ಪಂಪನ್ನು ಒತ್ತುವ ಕೈಯೂ ಹೌದು.